ನೇರಪ್ರಸಾರದ ಅಳವಡಿಕೆ ಮತ್ತು ಕೃತಿಸ್ವಾಮ್ಯ

ಅನ್ಯತ್ರ ಪ್ರವಹಿಸುತ್ತಿರುವ ಕ್ರೀಡಾಪಂದ್ಯದ ನೇರಪ್ರಸಾರವನ್ನು ತಾನು ಶೇಖರಿಸದೆಯೇ ತನ್ನ ಜಾಲತಾಣದ ಪುಟದಲ್ಲಿ ಕಾಣುವಂತೆ ಜೋಡಿಸುವ ಕ್ರಮ. ಪಂದ್ಯವು ಸ್ವತಃ ಕೃತಿಯಲ್ಲವಾದರೂ, 1957ರ ಭಾರತೀಯ ಕೃತಿಸ್ವಾಮ್ಯ ಅಧಿನಿಯಮದ 37ನೆಯ ಕಲಮು ಪ್ರಸಾರಸಂಸ್ಥೆಗೆ 25 ವರ್ಷಗಳ ಪ್ರತ್ಯೇಕ ಹಕ್ಕನ್ನು ದಯಪಾಲಿಸಿರುವುದರಿಂದ, ಅನುಮತಿಯಿಲ್ಲದ ಮರುಪ್ರಸಾರವು ಉಲ್ಲಂಘನೆಯೆನಿಸುತ್ತದೆ. ಹಕ್ಕುದಾರನೇ ಅಳವಡಿಕೆಗೆಂದು ತೆರೆದಿಟ್ಟ ಪ್ರಸಾರವನ್ನು ಅವನ ನಿಬಂಧನೆಗಳಂತೆ ತೋರುವುದು ನಿರಪಾಯಕರ. ಕಳವಿನ ಪ್ರಸಾರವೆಂದು ಅರಿತೂ ಅದನ್ನು ತನ್ನ ಪುಟದಲ್ಲಿರಿಸಿ ಜಾಹೀರಾತಿನಿಂದ ಲಾಭ ಪಡೆಯುವವನಾದರೋ, ‘ಮೂಲವು ನನ್ನದಲ್ಲ’ ಎಂಬ ಸಮಾಧಾನವನ್ನು ನೆಚ್ಚಿಕೊಳ್ಳಲಾರನು. ಉದ್ದೇಶಪೂರ್ವಕ ಉಲ್ಲಂಘನೆಗೆ 63ನೆಯ ಕಲಮು ಸಾಮಾನ್ಯವಾಗಿ 6 ತಿಂಗಳಿಂದ 3 ವರ್ಷಗಳ ಕಾರಾವಾಸವನ್ನೂ 50,000ದಿಂದ 2 ಲಕ್ಷ ರೂಪಾಯಿಗಳ ದಂಡವನ್ನೂ ವಿಧಿಸುತ್ತದೆ. ಅಮೆರಿಕದ ಟೆಕ್ಸಾಸಿನಲ್ಲಿ 2006ರಷ್ಟು ಹಿಂದೆಯೇ, ಮೋಟಾರು ಸ್ಪರ್ಧೆಗಳ ಧ್ವನಿಪ್ರಸಾರಕ್ಕೆ ನೇರ ಕೊಂಡಿಯಿತ್ತ ತಾಣವೊಂದರ ಮೇಲೆ ನ್ಯಾಯಾಲಯವು ತಡೆಯಾಜ್ಞೆಯನ್ನು ಹೊರಡಿಸಿತು; ದೆಹಲಿ ಉಚ್ಚ ನ್ಯಾಯಾಲಯವು 2019ರಲ್ಲಿ, ಚಲನಚಿತ್ರಗಳ ಕಳವಿನ ಮೊಕದ್ದಮೆಯೊಂದರಲ್ಲಿ, ಹೆಸರು ಬದಲಿಸಿ ಮತ್ತೆ ತಲೆಯೆತ್ತುವ ತಾಣಗಳಿಗೂ ತನ್ನ ತಡೆಯನ್ನು ವಿಸ್ತರಿಸಲು ಮಾರ್ಗ ಕಲ್ಪಿಸಿತು. ದೂರದ ಊರು ರಕ್ಷಣೆಯೆಂದು ಭಾವಿಸುವ ತರುಣರಿಗೆ ಇದನ್ನು ಒತ್ತಿ ಹೇಳಬೇಕಾಗಿದೆ: ಕೃಷ್ಣಾತೀರದ ಆಲಮಟ್ಟಿಯಲ್ಲಿ ಕುಳಿತು ತಾಣ ನಡೆಸುವವನ ಮೇಲೆಯೂ, 62ನೆಯ ಕಲಮಿನ ಪ್ರಕಾರ, ವಾದಿಯು ತಾನು ವ್ಯವಹರಿಸುವ ಸ್ಥಳದ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಬಹುದಾಗಿದೆ.