ಕಲ್ಲು ನುಡಿದದ್ದು, ನುಡಿಯದೆ ಉಳಿಸಿದ್ದು

ಪ್ರಾಚೀನ ಭಾರತದ ಚರಿತ್ರೆಯನ್ನು ಬರೆಯಹೊರಟವರಿಗೆ ಪುರಾಣಗಳಿವೆ, ಬೌದ್ಧ ಜೈನ ಗ್ರಂಥಗಳಿವೆ, ವಿದೇಶೀ ಪ್ರವಾಸಿಗಳ ಬರಹಗಳಿವೆ. ಆದರೆ ಗ್ರಂಥವು ಕೈಯಿಂದ ಕೈಗೆ ದಾಟುವಾಗ ಬದಲಾಗುತ್ತದೆ. ಪ್ರತಿಮಾಡುವವನು ಒಂದನ್ನು ಬಿಡುತ್ತಾನೆ, ಇನ್ನೊಂದನ್ನು ಸೇರಿಸುತ್ತಾನೆ. ಬಂಡೆಯ ಮೇಲಿನ ಬರಹ ಹಾಗಲ್ಲ. ಆದುದರಿಂದಲೇ ಶಾಸನವನ್ನು ನಾವು ಮೊದಲ ದರ್ಜೆಯ ಸಾಕ್ಷಿ ಎನ್ನುತ್ತೇವೆ. ಆದರೆ ಸಾಕ್ಷಿ ಎಂದ ಮೇಲೆ ಪಾಟೀಸವಾಲೂ ಉಂಟಲ್ಲವೆ? ಅಶೋಕನ ಶಾಸನಗಳನ್ನು ಮುಂದಿಟ್ಟುಕೊಂಡು ಈ ಮಾತನ್ನು ವಿಚಾರಮಾಡೋಣ.

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದಾಗ ಅಲ್ಲಿ ಕಂಡದ್ದು ‘ದೇವಾನಂಪಿಯ ಪಿಯದಸಿ’ ಎಂಬ ರಾಜನ ಮಾತು. ಈ ರಾಜನಾರು? ಪ್ರಿನ್ಸೆಪ್ ಮೊದಲು ಅವನನ್ನು ಸಿಂಹಳದ ಅರಸನೆಂದು ತಿಳಿದನು. ಪಿಯದಸಿ ಎಂದರೆ ಅಶೋಕನೇ ಎಂಬುದನ್ನು ಜಾರ್ಜ್ ಟರ್ನರ್ ಸಿಂಹಳದ ಪಾಳಿ ಗ್ರಂಥದಿಂದ ತೋರಿಸಿಕೊಟ್ಟನು. ಆದರೂ ಕಲ್ಲು ತಾನಾಗಿ ಆ ಹೆಸರನ್ನು ಹೇಳಿರಲಿಲ್ಲ. 1915ರಲ್ಲಿ, ಅಂದು ನಿಜಾಮರ ಆಳ್ವಿಕೆಗೆ ಸೇರಿದ್ದ ರಾಯಚೂರು ಸೀಮೆಯ ಮಸ್ಕಿಯಲ್ಲಿ, ಚಿನ್ನದ ನಿಕ್ಷೇಪವನ್ನು ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಒಂದು ಬರಹ ಬಿದ್ದಿತು. ಅದರಲ್ಲಿ ‘ದೇವಾನಂಪಿಯಸ ಅಸೋಕಸ’ ಎಂದು ಸ್ಪಷ್ಟವಾಗಿ ಕೊರೆದಿತ್ತು. ಗ್ರಂಥದ ಊಹೆಗೆ ಕಲ್ಲಿನ ಮೊಹರು ಬೀಳಲು 78 ವರ್ಷ ಬೇಕಾಯಿತು. ಬೀಡನ್ ಅರಸಿದ ಚಿನ್ನಕ್ಕಿಂತ ಇದು ಹೆಚ್ಚಿನದೆಂದು ನಾನು ಭಾವಿಸುತ್ತೇನೆ.

ಕಾಲನಿರ್ಣಯದ ಮಾತೂ ಹೀಗೆಯೇ. 13ನೆಯ ಬಂಡೆಶಾಸನವು ಅಂತಿಯೋಕ, ತುರಮಾಯ, ಅಂತಿಕಿನಿ, ಮಗ, ಅಲಿಕಸುದರ ಎಂಬ ಐವರು ಯವನರಾಜರನ್ನು ಹೆಸರಿಸುತ್ತದೆ. ಇವರ ಆಳ್ವಿಕೆಯ ಕಾಲ ಗ್ರೀಕರ ಚರಿತ್ರೆಯಿಂದ ತಿಳಿದಿದೆ. ಐವರೂ ಏಕಕಾಲದಲ್ಲಿ ಜೀವಿಸಿದ್ದುದು ಕ್ರಿ.ಪೂ. 3ನೆಯ ಶತಮಾನದ ನಡುಭಾಗದಲ್ಲಿ. ಅಶೋಕನ ಕಾಲವನ್ನು ನಿಲ್ಲಿಸಲು ಇದಕ್ಕಿಂತ ಗಟ್ಟಿಯಾದ ಊರೆಗೋಲು ನಮಗಿಲ್ಲ.

ಶಾಸನ ಬರಿಯ ಅರಸರ ಹೆಸರನ್ನಷ್ಟೇ ಹೇಳುವುದಿಲ್ಲ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ ಶಾಸನವು ಸುವರ್ಣಗಿರಿಯ ಅಧಿಕಾರಿಗಳು ಇಸಿಲದ ಅಧಿಕಾರಿಗಳ ಆರೋಗ್ಯವನ್ನು ವಿಚಾರಿಸುವುದರಿಂದ ಮೊದಲಾಗುತ್ತದೆ. ಕೊನೆಯಲ್ಲಿ ಚಪಡನೆಂಬ ಲಿಪಿಕಾರನ ಹೆಸರಿದೆ. ‘ಲಿಪಿಕಾರ’ ಎಂಬ ಅರ್ಥದ ಮಾತನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ವಾಯವ್ಯ ಭಾರತದ ಲಿಪಿ. ಎಲ್ಲಿಯ ಗಾಂಧಾರ, ಎಲ್ಲಿಯ ಬ್ರಹ್ಮಗಿರಿ! ಮೌರ್ಯ ಸಾಮ್ರಾಜ್ಯದ ಹರವನ್ನು ಆ ಒಂದು ಪದ ತೋರಿಸುತ್ತದೆ.

ಇನ್ನು ಪಾಟೀಸವಾಲು. ಕಳಿಂಗಯುದ್ಧದಲ್ಲಿ ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನ ಸೆರೆಯಾಗಿ ಹೋದರು ಎಂದು 13ನೆಯ ಶಾಸನ ಹೇಳುತ್ತದೆ. ಇವು ದುಂಡು ಸಂಖ್ಯೆಗಳೆಂಬುದನ್ನು ಮರೆಯಬಾರದು. ಅರಸನು ಪಶ್ಚಾತ್ತಾಪವನ್ನೂ ತೋಡಿಕೊಂಡಿದ್ದಾನೆ. ಗಿರ್ನಾರ್, ಕಾಲ್ಸಿ, ಶಹಬಾಜ್‌ಗಢಿಗಳಲ್ಲಿ ಈ ಮಾತುಗಳಿವೆ. ಆದರೆ ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಆ ಶಾಸನವೇ ಇಲ್ಲ! ಅದಕ್ಕೆ ಬದಲಾಗಿ ‘ಪ್ರಜೆಗಳೆಲ್ಲ ನನ್ನ ಮಕ್ಕಳು’ ಎಂಬ ಆಶಯದ ಪ್ರತ್ಯೇಕ ಶಾಸನಗಳಿವೆ. ಗಾಯಗೊಂಡವರ ಮುಂದೆ ಗಾಯದ ಮಾತು ಬೇಡವೆನಿಸಿತೆ? ಕಲ್ಲು ಉತ್ತರಿಸುವುದಿಲ್ಲ. ಅರಸನ ಮಾತು ನಮಗೆ ಉಳಿದಿದೆ. ಸೆರೆಯಾಗಿ ಹೋದ ಕಳಿಂಗದವನ ಮಾತು ಉಳಿದಿಲ್ಲ.

ಆ ಪ್ರತ್ಯೇಕ ಶಾಸನಗಳು ಕಳಿಂಗಕ್ಕೆಂದೇ ಬರೆದವೆಂದು ಬಹುಕಾಲ ನಂಬಲಾಗಿತ್ತು. 1989ರಲ್ಲಿ ಭೀಮಾತೀರದ ಸನ್ನತಿಯಲ್ಲಿ, ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ, ಅವೇ ಶಾಸನಗಳು ದೊರೆತವು. ನಮ್ಮ ನಂಬಿಕೆಯನ್ನು ತಿದ್ದಿಕೊಳ್ಳಬೇಕಾಯಿತು. ಸನ್ನತಿಯ ಕಲ್ಲು ದೇವಿಯ ಪೀಠವಾದುದರಿಂದ ಉಳಿಯಿತು. ಹೊಲದ ಬದುವಿಗೆ, ಮನೆಯ ಅಡಿಪಾಯಕ್ಕೆ, ಜಲ್ಲಿಯ ರಾಶಿಗೆ ಸೇರಿಹೋದ ಕಲ್ಲುಗಳೆಷ್ಟೋ! ಅಂಥದೊಂದು ಕಲ್ಲು ಒಡೆದರೆ, ನಮ್ಮ ಒಂದು ತಪ್ಪು ತಿದ್ದುವವರಿಲ್ಲದೆ ಸತ್ಯವಾಗಿಯೇ ಉಳಿದುಬಿಡುತ್ತದೆ. ನಿಮ್ಮ ಊರಿನ ಬರಹದ ಕಲ್ಲನ್ನು ಕಾಯುವವರು ನೀವೇ.