ಬೀಗ ಮಾಡಿದವರೇ ಎದ್ದು ಹೋದಾಗ

ಹೋದ ತಿಂಗಳು ಊರಿಂದ ಅಪ್ಪ ಫೋನ್ ಮಾಡಿದ್ರು. "ಹೊಲದ ಕ್ರಯಪತ್ರಕ್ಕೆ ಗೆದ್ದಲು ಹಿಡಿದೈತೆ ಕಣಪ್ಪಾ, ನಿನ್ ಕಂಪ್ಯೂಟರಿನಾಗೆ ಐತಲ್ಲ?"

ಇತ್ತು. ಬಿಇ ಮುಗಿಸಿದ ಹೊಸದರಲ್ಲಿ ಸ್ಕ್ಯಾನ್ ಮಾಡಿ, ಟ್ರೂಕ್ರಿಪ್ಟ್ ಬೀಗ ಹಾಕಿ ಹಾರ್ಡ್ ಡಿಸ್ಕಿನಲ್ಲಿಟ್ಟಿದ್ದೆ. ಪಾಸ್‌ವರ್ಡೂ ನೆನಪಿತ್ತು. ಆದರೆ ಆ ಬೀಗ ಮಾಡಿದವರೇ ಅಂಗಡಿ ಮುಚ್ಚಿ ಎಷ್ಟೋ ವರ್ಷ ಆಗಿದೆ. ಇನ್ನೂ ನಂಬಬಹುದಾ?

ಟ್ರೂಕ್ರಿಪ್ಟ್ ಬಂದಿದ್ದು 2004ರಲ್ಲಿ. ಪುಕ್ಕಟೆ. ಸೋರ್ಸ್ ಕೋಡ್ ಯಾರು ಬೇಕಾದರೂ ಓದಬಹುದಿತ್ತು. ಬರೆದವರು ಮಾತ್ರ ಹೆಸರು ಹೇಳಿಕೊಳ್ಳಲಿಲ್ಲ. ಆದರೂ ಬೀಗ ಗಟ್ಟಿ ಇತ್ತು. 2008ರಲ್ಲಿ ಬ್ರೆಜಿಲ್ ಪೊಲೀಸರು ಡೇನಿಯಲ್ ಡಾಂಟಾಸ್ ಅನ್ನೋ ಬ್ಯಾಂಕರ್ ಮನೆಯಿಂದ ಡಿಸ್ಕ್‌ಗಳನ್ನು ವಶಪಡಿಸಿಕೊಂಡರು. ಅಲ್ಲಿನ ತಜ್ಞರು ಐದು ತಿಂಗಳು, ಆಮೇಲೆ ಎಫ್‌ಬಿಐ ಒಂದು ವರ್ಷ ಪಾಸ್‌ವರ್ಡ್ ಊಹಿಸಿ ಊಹಿಸಿ ಕೈಚೆಲ್ಲಿದರು.

2014ರ ಮೇ 28ರಂದು ಟ್ರೂಕ್ರಿಪ್ಟ್‌ನ ಪುಟದಲ್ಲೇ ಕೆಂಪಕ್ಷರದ ಎಚ್ಚರಿಕೆ ಬಂತು: ಇದು ಸುರಕ್ಷಿತವಲ್ಲ, ಬಿಟ್‌ಲಾಕರ್‌ಗೆ ಹೋಗಿ. ಕೊನೆಯ 7.2 ಆವೃತ್ತಿಯಲ್ಲಿ ಹಳೇ ಬೀಗ ತೆಗೆಯಬಹುದಿತ್ತೇ ಹೊರತು ಹೊಸದು ಹಾಕೋಕಾಗ್ತಿರಲಿಲ್ಲ. ಸರ್ಕಾರದ ಒತ್ತಡವೋ, ಬೇಸರವೋ ಅಂತ ಎಲ್ಲರೂ ತಲೆ ಕೆಡಿಸಿಕೊಂಡರು.

ಅಷ್ಟರಲ್ಲಾಗಲೇ ಮ್ಯಾಥ್ಯೂ ಗ್ರೀನ್, ಕೆನ್ ವೈಟ್ ಜನರಿಂದ ಚಂದಾ ಎತ್ತಿ ಕೋಡಿನ ಆಡಿಟ್ ಶುರು ಮಾಡಿಸಿದ್ದರು. 2015ರ ಏಪ್ರಿಲ್‌ನಲ್ಲಿ ಅದು ಮುಗಿಯಿತು: ಕೆಲವು ದೋಷಗಳಿವೆ, ಬೇಕಂತಲೇ ಇಟ್ಟ ಕಳ್ಳಬಾಗಿಲು ಕಂಡಿಲ್ಲ. ನನ್ನಂಥವರು "ಸರಿ ಬಿಡಪ್ಪಾ" ಅಂತ ಹಳೇ 7.1ಎ ಆವೃತ್ತಿಯನ್ನೇ ಇಟ್ಟುಕೊಂಡ್ವಿ.

ತಪ್ಪಿದ್ದು ಅಲ್ಲೇ. ಅದೇ ಸೆಪ್ಟೆಂಬರ್‌ನಲ್ಲಿ ಗೂಗಲ್‌ನ ಜೇಮ್ಸ್ ಫೋರ್ಶಾ ಟ್ರೂಕ್ರಿಪ್ಟ್‌ನ ವಿಂಡೋಸ್ ಡ್ರೈವರಿನಲ್ಲಿ ಇನ್ನೆರಡು ದೋಷ ಹಿಡಿದರು. ಅವು ಡಿಸ್ಕಿನ ಬೀಗ ಒಡೆಯುವಂಥವಲ್ಲ. ಆದರೆ ಗಂಭೀರವಾದದ್ದನ್ನು ಹಿಡಿದು, ನಿಮ್ಮ ಕಂಪ್ಯೂಟರಿಗೆ ಹೇಗೋ ನುಗ್ಗಿದ ಪ್ರೋಗ್ರಾಮ್ ಇಡೀ ಯಂತ್ರದ ಯಜಮಾನನಾಗಬಹುದಿತ್ತು. ಅದೇ ಕೋಡಿನಿಂದ ಹುಟ್ಟಿದ ವೆರಾಕ್ರಿಪ್ಟ್‌ನಲ್ಲಿ ಮುನೀರ್ ಇದ್ರಾಸಿ ತಕ್ಷಣ ರಿಪೇರಿ ಮಾಡಿದರು. ಟ್ರೂಕ್ರಿಪ್ಟ್‌ನಲ್ಲಿ ಮಾಡೋರು ಯಾರಿದ್ದರು?

ಆಡಿಟ್ ಅಂದರೆ ಅವತ್ತಿನ ಮಟ್ಟಿಗೆ ಕೊಟ್ಟ ಸರ್ಟಿಫಿಕೇಟು, ಅಷ್ಟೆ. ನಾಳೆ ಬಿರುಕು ಕಂಡರೆ ಬಂದು ಮುಚ್ಚೋ ಕೈ ಬೇಕು.

ನಾನು ನೆಟ್ ಇಲ್ಲದ ಹಳೇ ಲ್ಯಾಪ್‌ಟಾಪಿನಲ್ಲಿ ವೆರಾಕ್ರಿಪ್ಟ್ 1.25.9 ಹಾಕಿ ಡಿಸ್ಕ್ ತೆಗೆದೆ. ಟ್ರೂಕ್ರಿಪ್ಟ್ ಕಡತ ತೆರೆಯುವ ಕೊನೆಯ ಆವೃತ್ತಿ ಅದು. 2023ರಲ್ಲಿ ಬಂದ 1.26ರಿಂದ ಆ ಸೌಲಭ್ಯವೇ ಇಲ್ಲ. ಕ್ರಯಪತ್ರ ಹಾಗೇ ಇತ್ತು. ಹೊಸ ಬೀಗಕ್ಕೆ ಸಾಗಿಸಿ, ಒಂದು ಪ್ರಿಂಟ್ ಅಪ್ಪನಿಗೆ ಕಳಿಸಿದೆ.

ನಿಮ್ಮ ಬೀರುವಿನಲ್ಲೂ ಇಂಥ ಡಿಸ್ಕ್ ಇದ್ದರೆ ಈ ಭಾನುವಾರವೇ ತೆಗೆದು ನೋಡಿ. ಪಾಸ್‌ವರ್ಡ್ ಇನ್ನೂ ನೆನಪಿರುವಾಗಲೇ.