ಶರೀಫರ ಗುಡುಗುಡಿಗೆ ಗಿಟಾರಿನ ನಾದ

ಕೂಡ್ಲಿಗಿ ಸೀಮೆಯ ಹೊಸಹಳ್ಳಿಯಂಥ ಊರುಗಳಲ್ಲಿ ಭಜನೆಗೆ ಕುಳಿತವರಿಗೆ ಶಿಶುನಾಳ ಶರೀಫರು (1819–1889) ಹೊಸಬರಲ್ಲ. ದಮ್ಮಡಿ, ತಾಳ, ಹಾರ್ಮೋನಿಯಂ ಇದ್ದರಾಯಿತು, ತತ್ವಪದ ತಾನಾಗಿ ಹೊಮ್ಮುತ್ತದೆ. ಅದೇ ಶರೀಫರು ಗಿಟಾರು, ಡ್ರಮ್ಮುಗಳ ನಡುವೆ ಕೇಳಿಬಂದರೆ?

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಮಾಡಿದ್ದು ಅದನ್ನೇ. 2008ರಲ್ಲಿ ಬಂದ ಅವರ ಮೊದಲ ಆಲ್ಬಂನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆಗೆ ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನೆಯ ಮಾಳಿಗಿ’ ಇದ್ದವು. ಗಿಟಾರು ಲಯ ಹಿಡಿಯುತ್ತದೆ, ಪಿಟೀಲು ಜೊತೆಗೂಡುತ್ತದೆ, ಡ್ರಮ್ಮು ವೇಗ ಕೊಡುತ್ತದೆ. ಪಲ್ಲವಿ ಮಾತ್ರ ಭಜನೆಯಲ್ಲಿದ್ದಂತೆ ಮರಳಿ ಮರಳಿ ಬರುತ್ತದೆ.

ಇದು ಶರೀಫರಿಗೆ ಅಪಚಾರವೇ? ಈ ಪ್ರಶ್ನೆ ಕೇಳುವವರು ಹಾರ್ಮೋನಿಯಂ ಕಥೆ ನೆನೆಯಬೇಕು. ಅದು ಯೂರೋಪಿನಿಂದ ಬಂದ ವಾದ್ಯ. ನಮ್ಮ ಸಂಗೀತಕ್ಕೆ ಒಗ್ಗದೆಂದು 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತ್ತು. ಇಂದು ಅದಿಲ್ಲದೆ ಭಜನೆಯೇ ಇಲ್ಲ! ಸಿ. ಅಶ್ವಥ್ ಕೂಡ 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದಲ್ಲಿ ಈ ಪದಗಳಿಗೆ ತಮ್ಮದೇ ಸಂಗೀತ ತೊಡಿಸಿದವರೇ.

2011ರಲ್ಲಿ ರಘು ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿದರು. ಆದರೆ ಅಲ್ಲಿನ ಚಪ್ಪಾಳೆಗಿಂತ ದೊಡ್ಡ ಲಾಭ ಇಲ್ಲಿಯದು. ಭಜನೆಗೆ ಬಾರದ ಹುಡುಗರ ಬಾಯಲ್ಲೂ ಗುಡುಗುಡಿಯ ಪದ ಬಂತು. ಹುಕ್ಕಾದ ನೆಪದಲ್ಲಿ ಶರೀಫರು ಹೇಳಿದ್ದೇನೆಂದು ಅವರಿಗೆ ಬಿಡಿಸಿ ಹೇಳುವ ಕೆಲಸ ಮಾತ್ರ ಹಿರಿಯರದು.